ಕೋರ್ಟು ಏಳುವ ತನಕ

ಸಾಮಿಲ್ಲಿನ ಗರಗಸಕ್ಕೆ ಫಕೀರಪ್ಪನ ಬಲಗೈಯ ಮೂರು ಬೆರಳು ಹೋದದ್ದು ಅಪಘಾತದಲ್ಲೇ. ಆದರೆ ಪರಿಹಾರದ ಆಸೆಗೆ ಅವನೇ ಬೇಕೆಂದು ಕೈಯೊಡ್ಡಿದ ಎಂದು ವಿಮಾ ಕಂಪನಿಯವರು ಮೋಸದ ಕೇಸು ಹಾಕಿದರು. ವಿಚಾರಣೆಯ ದಿನ ಹೆಂಡತಿ ನೀಲವ್ವ ಒಳಗೆ ಹೋಗಿ ಕೂತ ಮೇಲೆ ವಕೀಲರು ಅವನನ್ನು ಮೆಟ್ಟಿಲ ಬಳಿ ತಡೆದರು.

“ತಪ್ಪಾತು ಅಂತ ಒಪ್ಪಿಕೊಂಡು ಬಿಡಪಾ.”

“ಮಾಡದ್ದನ್ನ ಹೆಂಗ ಒಪ್ಪಿಕೊಳ್ಳಲಿ ಸಾಹೇಬ್ರ?”

“ಬಡದಾಡಿದ್ರ ಕೇಸು ವರ್ಷಗಟ್ಟಲೆ ಎಳೀತದ. ಸೋತ್ರ ಜೈಲು. ಶಿಕ್ಷಾ ಕೊಡೂಮುಂದ ಜಡ್ಜ್ ಸಾಹೇಬ್ರು ಏನ್ ನೋಡ್ತಾರ? ಮೊದಲನೇ ತಪ್ಪು, ರೊಕ್ಕ ಇನ್ನೂ ಕೈಗೆ ಬಂದಿಲ್ಲ, ತಾನಾಗೇ ಒಪ್ಪಿಕೊಂಡಾನ. ಅಷ್ಟಾದ್ರ ಸಂಜಿಗೆ ಮನಿಗೆ ಹೋಗ್ತಿ.”

“ಖರೇ ಹೇಳಿದ್ರ?”

“ಅದಕ್ಕ ಸಾಕ್ಷಿ ಯಾರದಾರ? ಗರಗಸಾನ ಕರೆಸೂಣೇನು?”

ಕಟಕಟೆಯಲ್ಲಿ ಫಕೀರಪ್ಪ ತಲೆ ತಗ್ಗಿಸಿ, ತಾನೇ ಕೈಯೊಡ್ಡಿದ್ದಾಗಿ ಹೇಳಿದ. ವಕೀಲರು ಎಣಿಸಿದ್ದನ್ನೆಲ್ಲ ನ್ಯಾಯಾಧೀಶರು ಗಮನಕ್ಕೆ ತೆಗೆದುಕೊಂಡರು. ಸಣ್ಣದೊಂದು ದಂಡ, ಅಂದು ಕೋರ್ಟು ಏಳುವ ತನಕ ಅಲ್ಲೇ ಕೂರುವ ಶಿಕ್ಷೆ. ಗೋಡೆಗೆ ಒರಗಿ ಕೂತವನು, ಸಂಜೆ ನ್ಯಾಯಾಧೀಶರು ಎದ್ದು ಹೋದ ಮೇಲೆ ತಾನೂ ಎದ್ದ.

“ಗೆದ್ದಿ ನೋಡು,” ಎಂದು ವಕೀಲರು ಬೆನ್ನು ತಟ್ಟಿದರು.

ನೀಲವ್ವ ಬಸ್‌ಸ್ಟ್ಯಾಂಡಿನವರೆಗೂ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಸ್ಸು ಹೊರಟ ಮೇಲೆ, ಕಿಟಕಿಯಾಚೆ ನೋಡುತ್ತಲೇ ಮೆಲ್ಲಗೆ ಕೇಳಿದಳು:

“ಕೈ ಒಡ್ಡೂಮುಂದ ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ಲೇನು ನಿಮಗ?”