ಮಂಚಮ್ಮನ ಮೂಗು

ಮಂಚಮ್ಮ ವಿನೆಗರ್ ಬಾಟಲಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದಳು. "ಚೆನ್ನಾಗದೆ. ಗಾಟು ಇನ್ನೂ ಅಂಗೇ ಅದೆ, ಸುರಿ," ಎಂದು ಸೊಸೆಯ ಕೈಗೆ ಕೊಟ್ಟಳು.

ಬೆಳ್ಳುಳ್ಳಿ ಉಪ್ಪಿನಕಾಯಿಯ ಪಾತ್ರೆಯ ಮೇಲೆ ಬಾಟಲಿ ಬಗ್ಗಿಸಿದ ಯಶೋಧರಾ ಥಟ್ಟನೆ ಕೈ ತಡೆದಳು. ಘಾಟೇ ಇರಲಿಲ್ಲ. ಅಂಗೈಗೆ ಹನಿ ಹಾಕಿ ನೆಕ್ಕಿದಳು. ಬರೀ ನೀರು. ಖಾಲಿ ಬಾಟಲಿ ತೊಳೆಯಲೆಂದು ಬೆಳಿಗ್ಗೆ ತಾನೇ ನೀರು ತುಂಬಿಟ್ಟಿದ್ದಳು; ದಣಿವಿನಲ್ಲಿ ಅದನ್ನೇ ತಂದುಕೊಟ್ಟಿದ್ದಳು.

ಹೋದ ತಿಂಗಳು ಮಹಿಳಾ ಸಂಘಕ್ಕೆ ಹಾಕಿದ ಉಪ್ಪಿನಕಾಯಿಯೆಲ್ಲ ಬೂಷ್ಟು ಹಿಡಿದು ತಿಪ್ಪೆಗೆ ಹೋಗಿತ್ತು. ಅಂದೂ ಮುಚ್ಚಳ ಸಡಿಲಾಗಿ ಸತ್ವ ಹೋಗಿದ್ದ ವಿನೆಗರನ್ನು ಮೂಸಿ ಒಪ್ಪಿದವಳು ಅತ್ತೆಯೇ. ಆಮೇಲೆ ದೇವನೂರಿನ ಬೀದಿಯಲ್ಲೆಲ್ಲ, "ನನ್ ಸೊಸೆ ಕೈಗುಣ ಸರಿಯಿಲ್ಲ" ಎಂದು ಹೇಳಿಕೊಂಡು ಬಂದಿದ್ದಳು. ಅಂದಿನಿಂದ ಯಶೋಧರಾ ಜಾಡಿ ಮುಟ್ಟುವ ಮುಂಚೆ ಸೋಪು ಹಚ್ಚಿ ಕೈ ತೊಳೆದು ತೊಳೆದು, ಬೆರಳೆಲ್ಲ ಒಡೆದಿದ್ದವು.

ಯಶೋಧರಾ ಆ ಬಾಟಲಿಯನ್ನು ಪಕ್ಕಕ್ಕಿಟ್ಟಳು. ಎದ್ದು ಹೋಗಿ ಇನ್ನೊಂದು ಬಾಟಲಿ ತಂದು ಮುಚ್ಚಳ ತೆಗೆದಳು. ಘಾಟಿಗೆ ಕಣ್ಣಲ್ಲಿ ನೀರಾಡಿತು. ಮಂಚಮ್ಮ ಅದನ್ನೇ ನೋಡುತ್ತಿದ್ದಳು.

"ಮೊದಲ್ನೇದ್ರಲ್ಲಿ ಏನಿತ್ತು?"

"ನೀರು, ಅತ್ತೆ."

ಮಂಚಮ್ಮ ಸೆರಗಿನ ಮೇಲಿನ ಬೆಳ್ಳುಳ್ಳಿ ಸಿಪ್ಪೆಯನ್ನು ಒಂದೊಂದಾಗಿ ಆರಿಸತೊಡಗಿದಳು. "ಎರಡ್ ತಿಂಗ್ಳ ಹಿಂದೆ ಆ ಜ್ವರ ಬಂದು ಎದ್ದಾಗಿಂದ ಯಾವ ವಾಸ್ನೇನೂ ತಿಳಿಯಲ್ಲ ಕನವ್ವ," ಎಂದಳು. ಆಮೇಲೆ ತಲೆಯೆತ್ತದೆ ಕೇಳಿಕೊಂಡಳು:

"ಬೀದೀಲಿ ಯಾರ್ಗೂ ಹೇಳ್ಬ್ಯಾಡ."