ಅಜ್ಜನ ಕಾರಿಗೆ ಇನ್ನೊಂದು ಕೆಂಪು ದೀಪ

ಎಲ್ಲಿಯಾದರೂ ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ನನಗೆ ಈಗಲೂ ರೋಣದ ನಮ್ಮ ಮನೆಯ ಅಂಗಳ, ಅಜ್ಜನ ಕಾಲದ ಕಾರು, ಆ ಒಂದು ಮಧ್ಯಾಹ್ನ ನೆನಪಾಗುತ್ತವೆ.

ಆ ಹಳೆಯ ಕಾರಿನ ಹಿಂದೆ, ತೀರ ಕೆಳಗೆ, ಬ್ರೇಕ್ ಒತ್ತಿದಾಗ ಹತ್ತುವ, ಅಂಗಿಯ ಗುಂಡಿಯಂಥ ಎರಡು ಸಣ್ಣ ದೀಪಗಳಿದ್ದವು. ಸುಗ್ಗಿಯ ಒಂದು ಸಂಜೆ ಜಕ್ಕಲಿಯಿಂದ ಬರುವಾಗ ಎಮ್ಮೆ ಅಡ್ಡ ಬಂತೆಂದು ಅಪ್ಪ ಬ್ರೇಕ್ ಒತ್ತಿದ್ದರು. ಹಿಂದೆಯೇ ಮೋಟರ್‌ಸೈಕಲ್ ಮೇಲೆ ಬರುತ್ತಿದ್ದ ಅವರ ತಮ್ಮ, ನನ್ನ ಕಾಕಾನಿಗೆ, ಧೂಳಿನಲ್ಲಿ ಆ ದೀಪಗಳು ಕಾಣಲಿಲ್ಲ. ಕಾರಿಗೆ ಬಡಿದು ಬಿದ್ದ ಕಾಕಾ ಅಲ್ಲಿಯೇ ತೀರಿಕೊಂಡರು.

"ಆ ಗಾಡಿ ಮಾರಿಬಿಡಪ್ಪಾ," ಎಂದು ಅಜ್ಜಿ ಅತ್ತಿದ್ದಳು.

"ತಗೊಂಡವ್ರ ಹಿಂದನೂ ಯಾರರ ಬರ್ತಾರಲ್ಲಬೇ," ಎಂದಿದ್ದರು ಅಪ್ಪ.

ಆ ಮಧ್ಯಾಹ್ನ ಅವರು ಹಿಂದಿನ ಗಾಜಿನ ಒಳಗೆ ಅಂಗೈಯಗಲದ ಕೆಂಪು ದೀಪವೊಂದನ್ನು ಕೂಡಿಸಿ, ತಾವೇ ತಂತಿಗೆ ಬೆಸುಗೆ ಹಾಕಿದರು. ಆಮೇಲೆ ಒಳಗೆ ಕೂತು, ದೀಪ ಹತ್ತುತ್ತದೆಯೇ ನೋಡಲು ನನ್ನನ್ನು ಕರೆದರು. ನಾನು ಏಳುವಷ್ಟರಲ್ಲಿ ಕಾಕಿ ಹೊರಗೆ ಬಂದಳು. ಕಾಕಾ ಹೋದ ಮೇಲೆ ಅವಳು ಹೊಸ್ತಿಲು ದಾಟಿದ್ದು ಅದೇ ಮೊದಲು.

"ಒತ್ರಿ, ಭಾವಾರ."

ದೀಪ ಹತ್ತಿತು. ಕಾಕಿ ಓಣಿಯ ತುದಿಯವರೆಗೆ ನಡೆದುಹೋಗಿ ತಿರುಗಿ ನಿಂತಳು. ಸೀರೆಯ ಸೆರಗನ್ನು ಧೂಳು ಕವಿದಂತೆ ಕಣ್ಣಿಗೆ ಅಡ್ಡ ಹಿಡಿದು ಅದರೊಳಗಿಂದ ಬಹಳ ಹೊತ್ತು ನೋಡಿದಳು.

"ಕಾಣ್ತೈತ್ರಿ," ಎಂದು ಕೂಗಿದಳು. "ಇಲ್ಲಿಂದನೂ ಚಲೋ ಕಾಣ್ತೈತ್ರಿ."

ಮರಳಿ ಬಂದು ಮೆಲ್ಲಗೆ, "ಸಾಕ್ರಿ ಭಾವಾರ, ಕಾಲ ತಗೀರಿ," ಎಂದಳು.

ಅಪ್ಪ ಸ್ಟೇರಿಂಗ್ ಮೇಲೆ ಹಣೆ ಇಟ್ಟಿದ್ದರು. ಕಾಲು ತೆಗೆಯಲಿಲ್ಲ. ಕಾಕಿ ದೀಪ ಆರುವವರೆಗೂ ಬಿಸಿಲಿನಲ್ಲಿ ಕಾರಿನ ಹಿಂದೆಯೇ ನಿಂತಿದ್ದಳು.