ಡಾಕ್ಟರ ಪ್ರಶ್ನೆ, ಮೇಷ್ಟ್ರ ಉತ್ತರ

ಹೈಸ್ಕೂಲು ಹುಡುಗಿಯರ ಕಬಡ್ಡಿ ಫೈನಲ್ಲಿನಲ್ಲಿ ಹಾಲಮ್ಮನ ತಲೆ ಎದುರಾಳಿಯ ಮೊಣಕಾಲಿಗೆ ಬಡಿಯಿತು. ಎದ್ದು ಕೂತಳೇನೋ ನಿಜ, ಆದರೆ ಡಾಕ್ಟರು ನೋಡಿ ಒಪ್ಪದೆ ಅವಳನ್ನು ಮತ್ತೆ ಅಂಕಣಕ್ಕೆ ಬಿಡುವಂತಿರಲಿಲ್ಲ. ಅವಳು ಇಳಿಯದಿದ್ದರೆ ಕಪ್ಪು ಕೈತಪ್ಪುವುದು ಖಂಡಿತ. ಎಂಟನೇ ಕ್ಲಾಸಿನಿಂದ ಅವಳಿಗೆ ಆಟ ಕಲಿಸಿದ್ದ ಪೀಟಿ ಮೇಷ್ಟ್ರ ಜೀವ ಬಾಯಿಗೆ ಬಂತು.

"ಇವತ್ತು ಯಾವ ವಾರನಮ್ಮ?" ಡಾಕ್ಟರು ಕೇಳಿದರು.

ಹಾಲಮ್ಮ ಪಿಳಿಪಿಳಿ ನೋಡಿದಳು. ಪರೀಕ್ಷೆಯಲ್ಲಿ ಮಕ್ಕಳು ಕತ್ತು ತಿರುಗಿಸಿದರೂ ಪೇಪರು ಕಿತ್ತುಕೊಳ್ಳುವ ಮೇಷ್ಟ್ರು, ಈಗ ಡಾಕ್ಟರ ಬೆನ್ನ ಹಿಂದೆ ನಿಂತು ಸದ್ದಿಲ್ಲದೆ ತುಟಿಯಾಡಿಸಿದರು.

"ಶನಿವಾರ."

"ನಿಮ್ಮ ಟೀಮಿಗೆ ಎಷ್ಟು ಪಾಯಿಂಟು?"

ಮೇಷ್ಟ್ರು ಎರಡು ಸಲ ಹತ್ತೂ ಬೆರಳು ಅರಳಿಸಿದರು.

"ಇಪ್ಪತ್ತು."

"ತಲೆ ಸುತ್ತು, ವಾಂತಿ ಬಂದಂಗೆ ಏನಾದ್ರೂ?"

ಮೇಷ್ಟ್ರು ಜೋರಾಗಿ ತಲೆಯಲ್ಲಾಡಿಸಿದರು.

"ಇಲ್ಲ."

"ಗಟ್ಟಿಗಿತ್ತಿ. ಆಡಲಿ ಬಿಡಿ," ಎಂದು ಡಾಕ್ಟರು ಎದ್ದುಹೋದರು.

ಮೇಷ್ಟ್ರು ಓಡಿಬಂದು ಅವಳ ಬೆನ್ನು ತಟ್ಟಿದರು. "ಭೇಷ್ ಕಣವ್ವ. ನಡಿ, ಕಪ್ಪು ನಮ್ದೇ."

ಹಾಲಮ್ಮ ಕೈಮುಗಿದಳು. "ಭಾಳ ಉಪಕಾರ ಆಯ್ತು ಸಾರ್. ನೀವು ಯಾವ ಸ್ಕೂಲಿನ ಮೇಷ್ಟ್ರು?"